ಮರಗೆಲಸದಲ್ಲಿ ಮಿಗುವ ತುಂಡು, ಚಕ್ಕೆ, ಹೊಟ್ಟುಗಳ ವಿನಿಯೋಗ

ನೇಗಿಲು, ಕುಂಟೆ, ಕೂರಿಗೆ, ಗಾಡಿ, ಬಾಗಿಲು, ತೊಲೆ ಇವುಗಳಲ್ಲಿ ಯಾವುದನ್ನು ಮಾಡಿಸಿದರೂ ತಂದ ಮರವೆಲ್ಲವೂ ಆ ಸಾಮಾನಿನಲ್ಲಿ ಸೇರಿಹೋಗುವುದಿಲ್ಲ. ಗರಗಸದ ಕೆಳಗೆ ಹೊಟ್ಟು ಬೀಳುತ್ತದೆ. ಬಾಚಿಯ ಏಟಿಗೆ ಚಕ್ಕೆ ಹಾರುತ್ತದೆ. ತೋಪಡದ ಬಾಯಿಂದ ಸುರುಳಿ ಹೊರಡುತ್ತದೆ. ಅಳತೆಗೆ ಮೀರಿದ ತುದಿಗಳು ತುಂಡುಗಳಾಗಿ ಉಳಿಯುತ್ತವೆ. ದುಂಡಾದ ದಿಮ್ಮಿಯೊಂದನ್ನು ಚಚ್ಚೌಕ ತೊಲೆಯಾಗಿ ಕೆತ್ತಿಸಿದರೆ, ದಿಮ್ಮಿಯು ಎಷ್ಟೇ ನೆಟ್ಟಗಿರಲಿ, ಲೆಕ್ಕದ ಪ್ರಕಾರವೇ ನೂರಕ್ಕೆ 36 ಪಾಲು ಮರವು ಹೊರಗೆ ಹೋಗಬೇಕು. ಡೊಂಕು ಮರವಾದರೆ ಈ ಪಾಲು ಇನ್ನೂ ಹೆಚ್ಚು. ಹೀಗೆ ಮಿಕ್ಕ ಪದಾರ್ಥಕ್ಕೂ ರೈತನು ಬೆಲೆ ಕೊಟ್ಟಿರುತ್ತಾನೆ, ಇಲ್ಲವೆ ತನ್ನ ಹೊಲದ ಬದುವಿನ ಮರವನ್ನು ಕಳೆದುಕೊಂಡಿರುತ್ತಾನೆ.

ಈ ಪದಾರ್ಥದ ವಿಷಯದಲ್ಲಿ ಗ್ರಾಮಗಳಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ಕಂಡುಬರುತ್ತವೆ. ಕೆಲವರು ಒಳ್ಳೆಯದು ಕೆಟ್ಟದ್ದೆಂದು ನೋಡದೆ ಎಲ್ಲವನ್ನೂ ಮೂರು ದಿನದಲ್ಲಿ ಒಲೆಗೆ ಇಟ್ಟುಬಿಡುತ್ತಾರೆ; ಮುಂದಿನ ತಿಂಗಳು ಗುದ್ದಲಿಯ ಕಾವು ಮುರಿದಾಗ ಹೊಸ ಮರಕ್ಕೆ ಹಣ ತೆರುತ್ತಾರೆ. ಮತ್ತೆ ಕೆಲವರು, ಎಂದಾದರೂ ಬೇಕಾಗಬಹುದೆಂದು ಎಲ್ಲವನ್ನೂ ಗೋಡೆಯ ಮಗ್ಗುಲಲ್ಲಿ ರಾಶಿ ಹಾಕುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಗೆದ್ದಲಿಗೆ ಆಹಾರವಾಗಿ, ಹಾವು ಚೇಳುಗಳಿಗೆ ಮನೆಯಾಗಿ, ಕೊನೆಗೆ ಒಲೆಗೂ ಬಾರದಂತಾಗುತ್ತದೆ. ಇವೆರಡಕ್ಕೂ ಕಾರಣ ಒಂದೇ: ವಿಂಗಡಿಸಬೇಕಾದ ದಿನ ವಿಂಗಡಿಸದೆ ಇರುವುದು. ಯಾವ ತುಂಡನ್ನು ಇಡಬೇಕು, ಯಾವುದನ್ನು ಮಾರಬೇಕು, ಯಾವುದನ್ನು ಉರಿಸಬೇಕು, ಯಾವುದನ್ನು ಕೊಳೆಸಬೇಕು ಎಂಬುದನ್ನು ಬಡಗಿಯ ಕೆಲಸ ಮುಗಿದ ದಿನವೇ ನಿಶ್ಚಯಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ತುಂಡು ಯಾರಿಗೆ ಸೇರಿದ್ದು?

ಮೊದಲು ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳತಕ್ಕದ್ದು. ಮರದ ಯಜಮಾನನು ತುಂಡೂ ತನ್ನದೆಂದು ಎಣಿಸುತ್ತಾನೆ. ಚಕ್ಕೆಯು ಕೈಗೆಲಸದ ಜೊತೆಗೆ ಬರುವ ಪಾಲೆಂದು ಬಡಗಿಯು ಎಣಿಸುವುದುಂಟು. ಊರಿಂದ ಊರಿಗೆ ಈ ವಾಡಿಕೆ ಬೇರೆಯಾಗಿರುವುದರಿಂದ, ಕೂಲಿಯನ್ನು ಗೊತ್ತುಮಾಡುವಾಗಲೇ ಇದನ್ನೂ ಮಾತಾಡಿ ಮುಗಿಸುವುದು ಉತ್ತಮ. ಒಂದು ಅಡಿಗಿಂತ ಉದ್ದವಾದ ತುಂಡುಗಳು ಮರ ಕೊಟ್ಟವನಿಗೆ, ಸಣ್ಣ ಚಕ್ಕೆಯು ಬಡಗಿಗೆ, ಹೊಟ್ಟು ಕೊಟ್ಟಿಗೆಗೆ ಎಂದು ಮಾಡಿಕೊಂಡರೆ ಇಬ್ಬರಿಗೂ ನಷ್ಟವಿಲ್ಲ. ಚಕ್ಕೆಯಲ್ಲಿ ತನಗೂ ಪಾಲಿದೆಯೆಂದು ತಿಳಿದ ಬಡಗಿಯು ಅದನ್ನು ಮಣ್ಣಿನಲ್ಲಿ ತುಳಿದು ಹಾಳುಮಾಡುವುದಿಲ್ಲ; ಉದ್ದ ತುಂಡು ತನ್ನದಲ್ಲವೆಂದು ತಿಳಿದವನು ಅಳತೆ ತಪ್ಪಿಸಿ ಕುಯ್ಯುವುದೂ ಇಲ್ಲ.

ಮರದ ತುಂಡಿಗೂ ಗೊಬ್ಬರದ ಗುಂಡಿಗೂ ಇರುವ ಸಂಬಂಧ

ಮರದ ತುಂಡು ಬೇಸಾಯದ ವಿಷಯ ಹೇಗಾದೀತೆಂದು ಕೆಲವರು ಕೇಳಬಹುದು. ಒಲೆಯಲ್ಲಿ ಕಟ್ಟಿಗೆ ಇಲ್ಲದ ದಿನ ಬೆರಣಿ ಉರಿಯುತ್ತದೆ. ಉರಿದ ಬೆರಣಿಯು ಹೊಲಕ್ಕೆ ತಪ್ಪಿದ ಗೊಬ್ಬರವೇ ಆಗಿದೆ. ಇಂಗ್ಲೆಂಡಿನ ವ್ಯವಸಾಯ ರಸಾಯನಶಾಸ್ತ್ರಜ್ಞರಾದ ವೋಲ್ಕರ್ ಎಂಬವರು 1889ರಲ್ಲಿ ಇಂಡಿಯಾಕ್ಕೆ ಬಂದು, ಈ ದೇಶದ ಬೇಸಾಯವನ್ನು ಪರೀಕ್ಷಿಸಿ, 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಈ ವಿಷಯವನ್ನು ಒತ್ತಿ ಹೇಳಿದರು. ರೈತನು ಸಗಣಿಯನ್ನು ಸುಡುವುದು ಅದರ ಬೆಲೆ ತಿಳಿಯದೆ ಅಲ್ಲ, ಬೇರೆ ಉರುವಲು ಸಿಕ್ಕದ ಕಾರಣದಿಂದ. ಆದುದರಿಂದ ಸೌದೆಯನ್ನು ಒದಗಿಸುವುದೇ ಗೊಬ್ಬರವನ್ನು ಉಳಿಸುವ ಮಾರ್ಗ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇದರ ಲೆಕ್ಕ ಸುಲಭವಾಗಿದೆ. ಹಸಿ ಸಗಣಿಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರು. ಆದುದರಿಂದ ಒಂದು ಕಿಲೋ ಒಣ ಬೆರಣಿಗೆ ನಾಲ್ಕರಿಂದ ಐದು ಕಿಲೋ ಹಸಿ ಸಗಣಿ ಬೇಕು. ಒಂದು ಕಿಲೋ ಒಣಗಿದ ಕಟ್ಟಿಗೆಯಾದರೋ ಒಂದು ಕಿಲೋ ಬೆರಣಿಗಿಂತ ಹೆಚ್ಚು ಕಾವನ್ನು ಕೊಡುತ್ತದೆ. ಅಂದರೆ ಬೆರಣಿಗೆ ಬದಲಾಗಿ ಒಲೆಗೆ ಹೋಗುವ ಪ್ರತಿ ಕಿಲೋ ಮರದ ತುಂಡು ನಾಲ್ಕೈದು ಕಿಲೋ ಸಗಣಿಯನ್ನು ಗುಂಡಿಗೆ ಉಳಿಸಿಕೊಡುತ್ತದೆ. ಬೆರಣಿ ಉರಿದಾಗ ಅದರಲ್ಲಿದ್ದ ಸಾರಜನಕವು ಹೊಗೆಯ ಜೊತೆಗೆ ಹೋಗುತ್ತದೆ. ಬೂದಿಯಲ್ಲಿ ಅದರ ಅಂಶ ಉಳಿಯುವುದಿಲ್ಲ. ಮಣ್ಣಿಗೆ ಸಡಿಲತೆಯನ್ನೂ ತೇವ ಹಿಡಿಯುವ ಶಕ್ತಿಯನ್ನೂ ಕೊಡುವ ಸಾವಯವ ಪದಾರ್ಥವೂ ಸುಟ್ಟುಹೋಗುತ್ತದೆ.

ಬೆರಣಿ ಉರಿಸುವ ಒಂದು ಮನೆಯಲ್ಲಿ ವರ್ಷಕ್ಕೆ 60 ಕಿಲೋ ಉರಿಸತಕ್ಕ ತುಂಡು ಮಿಕ್ಕಿತೆಂದು ಇಟ್ಟುಕೊಳ್ಳಬಹುದು. ಅದರಿಂದ ಉಳಿಯುವ ಸಗಣಿ ಸುಮಾರು 300 ಕಿಲೋ. ಇಂತಹ ಇಪ್ಪತ್ತು ಮನೆಗಳಿದ್ದರೆ 6,000 ಕಿಲೋ. ಗುಂಡಿಯಲ್ಲಿ ಮಾಗುವಾಗ ಇದರ ತೂಕವು ಅರ್ಧಕ್ಕೆ ಇಳಿಯಿತೆಂದರೂ 3,000 ಕಿಲೋ ಗೊಬ್ಬರವಾಗುತ್ತದೆ. ಖುಷ್ಕಿ ರಾಗಿಗೆ ಎಕರೆಗೆ ಹಾಕಬೇಕೆಂದು ಸಲಹೆ ಮಾಡುವ ಕೊಟ್ಟಿಗೆ ಗೊಬ್ಬರವೂ ಇಷ್ಟೇ. ಬಡಗಿಯ ಅಂಗಳದಲ್ಲಿ ಕಸವಾಗಿ ಬಿದ್ದಿರುವ ಪದಾರ್ಥದಲ್ಲಿ ಒಂದು ಎಕರೆ ರಾಗಿಯ ಗೊಬ್ಬರವು ಅಡಗಿದೆ ಎಂಬುದನ್ನು ಗ್ರಾಮದ ಮುಖಂಡರು ಗಮನಿಸಬೇಕು.

ವಿಂಗಡಿಸುವ ಕ್ರಮ

ಕೆಲಸ ಆರಂಭವಾಗುವ ಮುಂಚೆ ನೆಲವನ್ನು ಗುಡಿಸಿ, ಗರಗಸದ ಕೆಳಗೆ ಹಳೆಯ ಗೋಣಿತಟ್ಟನ್ನು ಹಾಸತಕ್ಕದ್ದು. ಮಣ್ಣು ಮರಳು ಬೆರೆತ ಹೊಟ್ಟು ಯಾವ ಕೆಲಸಕ್ಕೂ ಚೆನ್ನಾಗಿ ಒದಗುವುದಿಲ್ಲ. ಸಾಯಂಕಾಲ ಎಲ್ಲವನ್ನೂ ನಾಲ್ಕು ರಾಶಿ ಮಾಡಬೇಕು: (1) ಉಪಕರಣಕ್ಕೆ ಆಗತಕ್ಕ ತುಂಡು, (2) ಕುಶಲಗಾರರಿಗೆ ಮಾರತಕ್ಕ ತುಂಡು, (3) ಉರುವಲು, (4) ಹೊಟ್ಟು ಮತ್ತು ಸುರುಳಿ. ಬಣ್ಣ ಬಳಿದ ಹಳೆಯ ಮರ, ಅಂಟು ಹಾಕಿದ ಹಲಗೆ ಮುಂತಾದವುಗಳನ್ನು ಈ ನಾಲ್ಕರಲ್ಲಿ ಯಾವುದಕ್ಕೂ ಸೇರಿಸದೆ ಬೇರೆ ಇಡಬೇಕು. ಬಡಗಿಯು ಹತ್ತಿರದಲ್ಲಿರುವಾಗಲೇ ಈ ಕೆಲಸ ಮಾಡುವುದು ಮೇಲು. ಯಾವ ತುಂಡಿನ ಎಳೆ ಹೇಗಿದೆ, ಯಾವುದರಲ್ಲಿ ಬಿರುಕು ಅಡಗಿದೆ ಎಂಬುದನ್ನು ಅವನಷ್ಟು ಬಲ್ಲವರಿಲ್ಲ.

ಮೊದಲನೆಯ ರಾಶಿ: ಉಪಕರಣಕ್ಕೆ ಆಗತಕ್ಕದ್ದು

ತುಂಡನ್ನು ಇಡುವುದೋ ಬಿಡುವುದೋ ಎಂಬುದನ್ನು ಅದರ ಗಾತ್ರದಿಂದ ನಿರ್ಣಯಿಸಬಾರದು, ಎಳೆಯಿಂದ ನಿರ್ಣಯಿಸಬೇಕು. ಎಳೆಯು ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ನೇರವಾಗಿ ಓಡಿದ್ದರೆ ಹೆಬ್ಬೆರಳಿನಷ್ಟು ದಪ್ಪದ ಕಡ್ಡಿಯೂ ಗಟ್ಟಿ ಗೂಟವಾಗುತ್ತದೆ. ಎಳೆಯು ಓರೆಯಾಗಿ ಮಗ್ಗುಲಿಗೆ ಹೊರಟಿದ್ದರೆ ತೊಡೆಯಷ್ಟು ದಪ್ಪದ ತುಂಡೂ ಮೊದಲನೆಯ ಏಟಿಗೆ ಸೀಳುತ್ತದೆ. ಹೀಗೆ ಆರಿಸಿದವುಗಳಿಂದ ಆಗುವ ಸಾಮಾನುಗಳು ಹಲವು.

ಮೂರು ಅಡಿಯವರೆಗಿನ ನೇರ ಎಳೆಯ ತುಂಡು ಗುದ್ದಲಿ, ಕೊಡಲಿಗಳ ಕಾವಿಗೆ ಆಗುತ್ತದೆ. ಒಂದು ಅಡಿಯದು ನೊಗದ ಗೂಟಕ್ಕೂ ದನ ಕಟ್ಟುವ ಗೂಟಕ್ಕೂ ಸಾಕು. ಅರ್ಧ ಅಡಿಯದು ಕುಡುಗೋಲಿನ ಹಿಡಿಗೆ, ಉಳಿಯ ಹಿಡಿಗೆ ಬರುತ್ತದೆ. ಅದಕ್ಕಿಂತ ಚಿಕ್ಕದಾದರೂ ಗಟ್ಟಿಯಾಗಿದ್ದರೆ ಬೆಣೆಯಾಗುತ್ತದೆ. ಬಿತ್ತನೆಯ ಕಾಲದಲ್ಲಿ ಈಸು ಅಲ್ಲಾಡುವ ನೇಗಿಲಿಗೆ ಸಮಯಕ್ಕೆ ಸಿಕ್ಕಿದ ಒಂದು ಬೆಣೆಯು ಅರ್ಧ ದಿನದ ಉಳುಮೆಯನ್ನು ಉಳಿಸುತ್ತದೆ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಗಂಟು ಮರವು ಬೇರೆ ಎಲ್ಲದಕ್ಕೂ ಅಯೋಗ್ಯ, ಆದರೆ ಕೊಡತಿಯ ತಲೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಅದು ಸೀಳುವುದಿಲ್ಲ.

ಮರದ ಜಾತಿಯನ್ನೂ ನೋಡಬೇಕು. ಜಾಲಿ, ದಿಂಡಿಗ ಇವು ಏಟು ತಡೆಯುವುದರಿಂದ ಕಾವು, ಗೂಟ, ಬೆಣೆಗಳಿಗೆ ಯೋಗ್ಯ. ತೇಗ, ಹೊನ್ನೆ, ಹಲಸು ಇವುಗಳ ಸಣ್ಣ ಹಲಗೆಗಳು ಪೆಟ್ಟಿಗೆ, ಮಣೆ, ಕಿಟಕಿಯ ರೀಪುಗಳಿಗೆ ಸಲ್ಲುತ್ತವೆ. ಮಾವಿನ ಮರವು ತೇವಕ್ಕೂ ಹುಳುವಿಗೂ ಬೇಗ ಸಿಕ್ಕುವುದರಿಂದ ಅದರ ತುಂಡನ್ನು ಬಹುಕಾಲ ಇಟ್ಟು ಪ್ರಯೋಜನವಿಲ್ಲ. ಯಾವ ಜಾತಿಯಾದರೂ ತೊಗಟೆಯ ಪಕ್ಕದ ಬಿಳಿ ಭಾಗಕ್ಕೆ ಕುಟ್ಟೆ ಹುಳು ಮೊದಲು ಬೀಳುತ್ತದೆ. ಆದುದರಿಂದ ಇಡತಕ್ಕ ತುಂಡಿನಿಂದ ತೊಗಟೆಯನ್ನೂ ಬಿಳಿ ಮರವನ್ನೂ ಕೆತ್ತಿ ತೆಗೆಯುವುದು ಅವಶ್ಯ.

ಹಸಿ ತುಂಡಿನ ತೇವವು ಮಗ್ಗುಲಿಗಿಂತ ತುದಿಗಳ ಮೂಲಕ ಬಹು ಬೇಗ ಹೊರಡುವುದರಿಂದ ತುದಿಗಳು ಮೊದಲು ಒಣಗಿ ಬಿರಿಯುತ್ತವೆ. ಇದನ್ನು ತಡೆಯಲು ಎರಡು ತುದಿಗಳಿಗೂ ಕರಗಿಸಿದ ಮೇಣವನ್ನೋ ದಪ್ಪ ಬಣ್ಣವನ್ನೋ ಹಚ್ಚಿ, ಬಿಸಿಲು ಬೀಳದ ಆದರೆ ಗಾಳಿ ಆಡುವ ಸ್ಥಳದಲ್ಲಿ ಇಡಬೇಕು. ನೆಲಕ್ಕೂ ಗೋಡೆಗೂ ತಾಕದಂತೆ ಕಲ್ಲಿನ ಮೇಲೆ ಒಂದು ಅಡಿ ಎತ್ತರದ ಅಟ್ಟಣೆ ಮಾಡಿ, ತುಂಡುಗಳ ನಡುವೆ ಕಡ್ಡಿ ಕೊಟ್ಟು ಒಟ್ಟಿದರೆ, ಗೆದ್ದಲು ಏರಿದರೂ ಅದರ ಮಣ್ಣಿನ ಗೆರೆಯು ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ. ಆಗಲೇ ಕೆರೆದು ಹಾಕಬಹುದು.

ಈ ರಾಶಿಗೆ ಒಂದು ಮಿತಿ ಇರಬೇಕು. ಅಟ್ಟಣೆ ತುಂಬಿದ ಮೇಲೆ ಹೊಸದನ್ನು ಇಡಬೇಕಾದರೆ ಹಳೆಯದರಲ್ಲಿ ಕೀಳಾದದ್ದನ್ನು ತೆಗೆಯತಕ್ಕದ್ದು. ವರ್ಷಕ್ಕೊಮ್ಮೆ, ಯುಗಾದಿಯ ಮುಂಚೆ ಉಪಕರಣಗಳನ್ನು ರಿಪೇರಿ ಮಾಡಿಸುವ ಸಮಯದಲ್ಲಿ, ಎಲ್ಲವನ್ನೂ ಇಳಿಸಿ ನೋಡಿ, ಎರಡು ವರ್ಷ ಕೈ ಮುಟ್ಟದೆ ಉಳಿದದ್ದನ್ನು ಉರುವಲಿಗೆ ಸೇರಿಸುವುದು ಲೇಸು. ಇಷ್ಟು ಕಾಲ ಬೇಡವಾದದ್ದು ಮುಂದೆ ಬೇಕಾಗುವುದು ಅಪೂರ್ವ. ಅದನ್ನು ಹುಳು ತಿಂದರೆ ಒಲೆಗೂ ನಷ್ಟ.

ಎರಡನೆಯ ರಾಶಿ: ಕುಶಲಗಾರರಿಗೆ ಸಲ್ಲತಕ್ಕದ್ದು

ರೈತನಿಗೆ ಬೇಡವಾದ ಚಿಕ್ಕ ತುಂಡು ಕುಶಲಗಾರನ ಕೈಯಲ್ಲಿ ಬೆಲೆ ಪಡೆಯುತ್ತದೆ. ಚನ್ನಪಟ್ಟಣದ ಬೊಂಬೆಗಳನ್ನು ಹಗುರವಾದ ಬಿಳಿಯ ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕುವರು. ಇದಕ್ಕೆ ದೊಡ್ಡ ತೊಲೆ ಬೇಕಾಗಿಲ್ಲ, ಕೊಂಬೆಯ ಗಾತ್ರದ ತುಂಡು ಸಾಕು. ಮೈಸೂರಿನ ಬೀಟೆ ಮರದ ಕೆತ್ತನೆಯಲ್ಲಿ, ಬೀಟೆಯ ಹಲಗೆಯಲ್ಲಿ ತಗ್ಗು ಮಾಡಿ, ಬೇರೆ ಬೇರೆ ಬಣ್ಣದ ಮರಗಳ ತೆಳುವಾದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವರು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಬೊಂಬೆಗಳ ಸಂದುಗಳನ್ನು ಮುಚ್ಚಿ ಅಂಗಗಳನ್ನು ತಿದ್ದುವುದಕ್ಕೆ ಮರದ ಹೊಟ್ಟನ್ನೇ ಹುಣಿಸೆಬೀಜದ ಅಂಟಿನೊಡನೆ ಕಲಸಿ ಉಪಯೋಗಿಸುವರು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ನಾಲ್ಕಾರು ತುಂಡುಗಳನ್ನು ದೂರದ ಪಟ್ಟಣಕ್ಕೆ ಸಾಗಿಸಿದರೆ ಬಂದ ಹಣವು ಸಾಗಣೆಗೇ ಮುಗಿಯುತ್ತದೆ. ಹತ್ತಿರದಲ್ಲಿ ಕೊಳ್ಳುವವರು ಇದ್ದರೆ, ಅಥವಾ ಊರಿನ ಹಲವು ಮನೆಗಳ ತುಂಡು ಒಟ್ಟಿಗೆ ಸೇರಿದರೆ ಮಾತ್ರ ಈ ರಾಶಿಯನ್ನು ಮಾಡತಕ್ಕದ್ದು. ಶ್ರೀಗಂಧದ ವಿಷಯದಲ್ಲಿ ಕಾಯಿದೆಯನ್ನೂ ಅರಿತಿರಬೇಕು. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ಮೇಲೆ ಹಿಡುವಳಿ ಭೂಮಿಯ ಶ್ರೀಗಂಧವು ಭೂಮಿಯ ಯಜಮಾನನಿಗೇ ಸೇರಿತಾದರೂ, ಅದನ್ನು ಕಡಿಯುವುದು, ಸಾಗಿಸುವುದು, ಮಾರುವುದು ಇವು ಕಾಯಿದೆಯ ಕಟ್ಟಿಗೆ ಒಳಪಟ್ಟಿವೆ. ಆದಕಾರಣ ಗಂಧದ ಚೂರೂ ಸಾಮಾನ್ಯ ಚಕ್ಕೆಯಂತೆ ಕೈಯಿಂದ ಕೈಗೆ ಹೋಗತಕ್ಕ ಪದಾರ್ಥವಲ್ಲ. ಬೀಟೆಯ ದೊಡ್ಡ ತುಂಡುಗಳನ್ನು ಮಾರುವ ಮುಂಚೆಯೂ ಅರಣ್ಯ ಇಲಾಖೆಯವರಲ್ಲಿ ವಿಚಾರಿಸುವುದು ಕ್ಷೇಮ.

ಮೂರನೆಯ ರಾಶಿ: ಉರುವಲು

ಮೇಲಿನ ಎರಡಕ್ಕೂ ಬಾರದ ತುಂಡು, ಚಕ್ಕೆ, ತೊಗಟೆಗಳು ಒಲೆಗೆ ಸೇರತಕ್ಕವು. ಆದರೆ ಕಡಿದ ದಿನವೇ ಉರಿಸಬಾರದು. ಹಸಿ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ನೀರು ಇರುತ್ತದೆ. ಉರಿಯ ಬಹು ಭಾಗವು ಈ ನೀರನ್ನು ಆವಿ ಮಾಡುವುದರಲ್ಲೇ ವೆಚ್ಚವಾಗಿ, ಪಾತ್ರೆಗೆ ಕಾವು ಕಡಿಮೆಯಾಗಿ, ಮನೆಯಲ್ಲಿ ಹೊಗೆ ತುಂಬುತ್ತದೆ. ಈ ಹೊಗೆಯು ಒಲೆಯ ಮುಂದೆ ಕುಳಿತ ಹೆಂಗಸರ ಮತ್ತು ಮಕ್ಕಳ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು. ದಪ್ಪ ತುಂಡುಗಳನ್ನು ಮಣಿಕಟ್ಟಿನಷ್ಟು ಗಾತ್ರಕ್ಕೆ ಸೀಳಿ, ಒಂದು ಬೇಸಗೆ ಒಣಗಿಸಿ, ಮಳೆಗೆ ಮೊದಲು ಮಾಡಿನ ಕೆಳಗೆ ಸೇರಿಸಬೇಕು. ಹೊಗೆಗೂಡು ಇರುವ ಒಲೆಯಲ್ಲಿ ಇದೇ ಕಟ್ಟಿಗೆ ಹೆಚ್ಚು ದಿನ ಬರುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯು ಈ ಬಗೆಯದು.

ಅಡಿಗೆಗೆ ಅನಿಲ ಬಂದಿರುವ ಮನೆಗಳಲ್ಲಿಯೂ ಬಚ್ಚಲ ಹಂಡೆಯ ಒಲೆಗೆ ಕಟ್ಟಿಗೆಯೇ ಬೇಕಾಗುವುದುಂಟು. ಹಂಡೆಯ ಒಲೆಗೆ ಮರದ ಚಕ್ಕೆ ಇರುವಾಗ ಬೆರಣಿಯನ್ನು ಇಡುವುದು ಯಾವ ವಿಧದಲ್ಲಿಯೂ ಲಾಭವಲ್ಲ.

ಒಲೆಯ ಬೂದಿಯನ್ನು ತಿಪ್ಪೆಗೆ ಎಸೆಯಬಾರದು. ಮರದ ಬೂದಿಯಲ್ಲಿ ಸುಣ್ಣದ ಅಂಶ ಬಹಳ, ಪೊಟ್ಯಾಷ್ ಸ್ವಲ್ಪ, ರಂಜಕ ಇನ್ನೂ ಸ್ವಲ್ಪ ಇರುತ್ತವೆ. ಇದರ ಪೊಟ್ಯಾಷು ನೀರಿನಲ್ಲಿ ಕರಗಿ ಹೋಗುವುದರಿಂದ ಮಳೆ ತಾಕದ ಡಬ್ಬಿಯಲ್ಲಿ ಶೇಖರಿಸಬೇಕು. ಮಲೆನಾಡಿನ ಹುಳಿ ಮಣ್ಣಿಗೂ ತೆಂಗು ಬಾಳೆಗಳ ಬುಡಕ್ಕೂ ಇದು ಹಿತ. ಚೌಳು ನೆಲಕ್ಕೆ ಹಾಕಬಾರದು. ಬೂದಿಯನ್ನು ಹಸಿ ಸಗಣಿ, ಗಂಜಲ, ಯೂರಿಯಾ ಇವುಗಳೊಡನೆ ಬೆರೆಸಿದರೆ ಅವುಗಳ ಸಾರಜನಕವು ಘಾಟಾಗಿ ಗಾಳಿಗೆ ಹೋಗುತ್ತದೆ. ಆದುದರಿಂದ ಬೂದಿಯನ್ನು ಬೇರೆಯಾಗಿಯೇ ಹೊಲಕ್ಕೆ ಒಯ್ಯತಕ್ಕದ್ದು.

ನಾಲ್ಕನೆಯ ರಾಶಿ: ಹೊಟ್ಟು ಮತ್ತು ಸುರುಳಿ

ರೈತರು ಹೆಚ್ಚಾಗಿ ಮೋಸ ಹೋಗುವುದು ಹೊಟ್ಟಿನ ವಿಷಯದಲ್ಲಿ. ಅದು ಪುಡಿಯಾಗಿದೆ, ಬೇಗ ಕೊಳೆಯುವುದೆಂದು ನೆನೆದು ನೇರವಾಗಿ ಹೊಲಕ್ಕೆ ಚೆಲ್ಲಿ ಉತ್ತುಬಿಡುವುದುಂಟು. ಆ ವರ್ಷ ಪೈರು ಹಳದಿಯಾಗಿ ಕುಗ್ಗಿದಾಗ ಮರದಲ್ಲಿ ವಿಷವಿತ್ತೆಂದು ಹೇಳುವರು. ನಿಜವಾದ ಕಾರಣ ಬೇರೆ. ಮಣ್ಣಿನಲ್ಲಿ ಪದಾರ್ಥಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲದ ಜೊತೆಗೆ ಸಾರಜನಕವೂ ಆಹಾರವಾಗಿ ಬೇಕು. ಹೊಟ್ಟಿನಲ್ಲಿ ಇಂಗಾಲ ಅಪಾರ, ಸಾರಜನಕ ಅತ್ಯಲ್ಪ. ಸಗಣಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಇಪ್ಪತ್ತು ಇಪ್ಪತ್ತೈದು ಪಾಲು ಇದ್ದರೆ, ಹೊಟ್ಟಿನಲ್ಲಿ ಇನ್ನೂರು, ಕೆಲವು ವೇಳೆ ನಾನೂರು ಪಾಲು ಇರುತ್ತದೆ. ಕೊರತೆಯಾದ ಸಾರಜನಕವನ್ನು ಈ ಜೀವಿಗಳು ಮಣ್ಣಿನಿಂದ ಕಡ ತೆಗೆಯುತ್ತವೆ. ನೂರು ಕಿಲೋ ಹೊಟ್ಟಿಗೆ ಈ ಕಡವು ಸುಮಾರು ಒಂದು ಕಿಲೋ ಸಾರಜನಕ, ಅಂದರೆ ಎರಡು ಕಿಲೋಗಿಂತ ಹೆಚ್ಚು ಯೂರಿಯಾ. ಕಡವು ಕೊನೆಗೆ ತೀರುವುದು ನಿಜ, ಆದರೆ ಅಷ್ಟರಲ್ಲಿ ಪೈರಿನ ಕಾಲ ಮುಗಿದಿರುತ್ತದೆ.

ಈ ಕೊರತೆಯನ್ನು ನೀಗುವ ಪದಾರ್ಥವು ರೈತನ ಕೊಟ್ಟಿಗೆಯಲ್ಲೇ ಹರಿದು ನಷ್ಟವಾಗುತ್ತಿರುತ್ತದೆ. ಅದು ಗಂಜಲ. ನೂರು ಕಿಲೋ ಗಂಜಲದಲ್ಲಿ ಸಾರಜನಕವು ಸುಮಾರು ಒಂದು ಕಿಲೋ. ಹೊಟ್ಟಿಗೆ ಸಾರಜನಕ ಬೇಕು. ಗಂಜಲವನ್ನು ಹೀರಿ ಹಿಡಿಯುವ ವಸ್ತು ಬೇಕು. ಒಣ ಹೊಟ್ಟು ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹೀರುವುದರಿಂದ ಎರಡೂ ಒಂದನ್ನೊಂದು ಪೂರೈಸುತ್ತವೆ. ಸಾಯಂಕಾಲ ದನಗಳ ಹಿಂಗಾಲಿನ ಕೆಳಗೆ ಎರಡು ಬೆರಳು ದಪ್ಪ ಹೊಟ್ಟನ್ನು ಹಾಸಿ, ಬೆಳಿಗ್ಗೆ ಒದ್ದೆಯಾದದ್ದನ್ನು ಸಗಣಿಯೊಡನೆ ಗುಂಡಿಗೆ ಹಾಕಬೇಕು. ಗುಂಡಿಯಲ್ಲಿ ಹೊಟ್ಟು ಹತ್ತರಲ್ಲಿ ಒಂದು ಪಾಲಿಗೆ ಮೀರದಂತೆ, ಸೊಪ್ಪು, ಕಳೆ, ಹುಲ್ಲುಗಳೊಡನೆ ಪದರ ಪದರವಾಗಿ ಬೀಳಬೇಕು. ಇಂದೂರು ಸಂಸ್ಥಾನದಲ್ಲಿ ಆಲ್ಬರ್ಟ್ ಹೋವರ್ಡ್ ಅವರು ನಡೆಸಿದ ಕಾಂಪೋಸ್ಟ್ ಕ್ರಮದಲ್ಲಿ, ಇದರ ವಿವರ 1931ರಲ್ಲಿ ಪ್ರಕಟವಾಯಿತು, ಕೊಟ್ಟಿಗೆಯ ಹಾಸಿಗೆಯ ಗಂಜಲಕ್ಕೆ ದೊಡ್ಡ ಸ್ಥಾನವಿತ್ತು. ಹತ್ತಿಕಡ್ಡಿಯಂತಹ ಗಟ್ಟಿ ಪದಾರ್ಥಗಳನ್ನು ಗಾಡಿಯ ಚಕ್ರದ ಕೆಳಗೆ ಹಾಸಿ ನುಗ್ಗುಮಾಡಿಯೇ ರಾಶಿಗೆ ಸೇರಿಸುತ್ತಿದ್ದರು. ತೋಪಡದ ಸುರುಳಿಗೂ ಇದೇ ನ್ಯಾಯ. ಹೊಟ್ಟು ಬೆರೆತ ಗೊಬ್ಬರವನ್ನು ಒಂದು ವರ್ಷ ಪೂರಾ ಮಾಗಿಸಿ, ಕೈಯಲ್ಲಿ ಹಿಸುಕಿದಾಗ ಮರದ ನಾರು ಕಾಣದಂತಾದ ಮೇಲೆ ಹೊಲಕ್ಕೆ ಹಾಕಬೇಕು.

ಕೋಳಿ ಮನೆಯಲ್ಲಿ ಹಾಸಲು ಒಣ ಹೊಟ್ಟು ಯೋಗ್ಯ. ಬೂಸು ಹಿಡಿದದ್ದು ಕೂಡದು. ತೇಗ, ಬೀಟೆಗಳ ನಯವಾದ ಪುಡಿಯು ಕೆಲವರಿಗೆ ಮೂಗು ಚರ್ಮಗಳಲ್ಲಿ ಉರಿ ತರುವುದರಿಂದ ಅದನ್ನು ಮುಚ್ಚಿದ ಕೋಣೆಯಲ್ಲಿ ಚೆಲ್ಲಬಾರದು. ಹಣ್ಣಿನ ಗಿಡಗಳ ಸುತ್ತ ನೆಲದ ಮೇಲೆ ಹೊದಿಸಿದ ಹೊಟ್ಟು ತೇವವನ್ನು ಕಾಯುತ್ತದೆ. ಉತ್ತು ಸೇರಿಸದ ಕಾರಣ ಸಾರಜನಕದ ಕಡವೂ ಅಲ್ಪ. ಆದರೆ ಗೆದ್ದಲು ಹೆಚ್ಚಾದ ಕೆಂಪು ನೆಲದಲ್ಲಿ ಇದನ್ನು ಮಾಡದಿರುವುದೇ ಸರಿ; ಮಾಡಿದರೂ ಕಾಂಡದಿಂದ ಒಂದು ಅಡಿ ಬಿಟ್ಟು ಹೊದಿಸಬೇಕು.

ಕೊಟ್ಟಿಗೆಗೆ ಬೇಕಾದುದಕ್ಕಿಂತ ಹೊಟ್ಟು ಹೆಚ್ಚಾದರೆ ಹೊಟ್ಟಿನ ಒಲೆಯಲ್ಲಿ ಉರಿಸಬಹುದು. ತಳದ ಬದಿಯಲ್ಲಿ ರಂಧ್ರವಿರುವ ತಗಡಿನ ಡಬ್ಬಿಯ ನಡುವೆ ಒಂದು ದುಂಡು ಕೋಲನ್ನು ನಿಲ್ಲಿಸಿ, ರಂಧ್ರದಿಂದ ಅದರ ಬುಡಕ್ಕೆ ಮತ್ತೊಂದು ಕೋಲನ್ನು ತೂರಿಸಿ, ಸುತ್ತಲೂ ಒಣ ಹೊಟ್ಟನ್ನು ಗಟ್ಟಿಯಾಗಿ ಗಿಡಿದು, ಕೋಲುಗಳನ್ನು ಮೆಲ್ಲನೆ ಎಳೆದು ತೆಗೆದರೆ ಗಾಳಿಗೆ ದಾರಿಯಾಗುತ್ತದೆ. ಕೆಳಗಿನಿಂದ ಹೊತ್ತಿಸಿದರೆ ಒಂದೇ ಸಮನಾದ ಕಾವು ಗಂಟೆಗಟ್ಟಲೆ ನಿಲ್ಲುತ್ತದೆ. ಇದನ್ನು ಗಾಳಿಯಾಡುವ ಸ್ಥಳದಲ್ಲಿಯೇ ಇಡತಕ್ಕದ್ದು.

ಉರಿಸಬಾರದ ಮರ

ಬಣ್ಣ ಬಳಿದ ಹಳೆಯ ಬಾಗಿಲು, ಪ್ಲೈವುಡ್, ಅಂಟಿನ ಹಲಗೆ, ಹುಳು ಹಿಡಿಯದಂತೆ ಔಷಧ ಕುಡಿಸಿದ ಕಂಬ ಇವುಗಳನ್ನು ಅಡಿಗೆಯ ಒಲೆಗೂ ಹಂಡೆಯ ಒಲೆಗೂ ಹಾಕಲೇಬಾರದು. ಹಳೆಯ ಬಣ್ಣಗಳಲ್ಲಿ ಸೀಸವೂ ಕೆಲವು ಔಷಧಗಳಲ್ಲಿ ಪಾಷಾಣವೂ ಇರುತ್ತವೆ. ಸುಟ್ಟರೂ ಇವು ನಾಶವಾಗದೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತವೆ. ಇಂತಹ ಬೂದಿಯು ತರಕಾರಿ ಮಡಿಗೆ ಬಿದ್ದರೆ ಅಪಾಯ. ಇವುಗಳ ಹೊಟ್ಟನ್ನು ದನಗಳ ಕೆಳಗೆ ಹಾಸುವುದೂ ಕೂಡದು. ಗಟ್ಟಿಯಾದ ಹಲಗೆಗಳನ್ನು ಬೇಲಿಯ ಪಡಿಗೋ ಅಟ್ಟದ ಹಾಸಿಗೋ ಉಪಯೋಗಿಸಿ, ಮಿಕ್ಕದ್ದನ್ನು ಬಾವಿ ಕೆರೆಗಳಿಂದ ದೂರವಿರಿಸಬೇಕು.

ಗ್ರಾಮದ ಮುಖಂಡರು ಮಾಡತಕ್ಕದ್ದು

ಒಂದು ಮನೆಯ ಚಕ್ಕೆ ಅಲ್ಪ. ಊರಿನ ಚಕ್ಕೆ ಅಲ್ಪವಲ್ಲ. ಬಡಗಿಯ ಕೆಲಸದ ಸ್ಥಳದಲ್ಲಿ ಒಂದು ಚಿಕ್ಕ ಮಾಡು, ಹೊಟ್ಟಿಗೆ ಒಂದು ಒಣ ತೊಟ್ಟಿ, ಇಷ್ಟನ್ನು ಊರವರು ಕೂಡಿ ಏರ್ಪಡಿಸಿದರೆ ಸಾಕು. ಕಮ್ಮಾರನ ಕುಲುಮೆಗೆ ಇದ್ದಲು ಬೇಕಾದಲ್ಲಿ ಜಾಲಿ, ದಿಂಡಿಗಗಳ ಮೋಟು ತುಂಡುಗಳನ್ನು ಅವನಿಗೆ ಮೊದಲು ಕೊಡುವುದು ಯುಕ್ತ. ಚಕ್ಕೆಯ ಪಾಲಿನ ಬಗ್ಗೆ ಊರಿಗೆಲ್ಲ ಒಂದೇ ವಾಡಿಕೆಯನ್ನು ಗೊತ್ತುಮಾಡಿದರೆ ಜಗಳಕ್ಕೆ ಎಡೆಯಿಲ್ಲ. ಬದುವಿನ ಮೇಲೆ ಕಡಿದ ಒಂದು ಮರಕ್ಕೆ ಎರಡು ಸಸಿಗಳನ್ನು ನೆಡುವ ಅಭ್ಯಾಸವನ್ನೂ ಇದರೊಡನೆ ಸೇರಿಸಬೇಕು. ಉಳಿಸಿದ ತುಂಡು ಬೆಳೆಸಿದ ಮರಕ್ಕೆ ಸಮನಾಗಲಾರದು.

ಸಾರಾಂಶ

1. ತುಂಡು ಯಾರದೆಂಬುದನ್ನು ಕೂಲಿ ಗೊತ್ತುಮಾಡುವಾಗಲೇ ತೀರ್ಮಾನಿಸಿ.
2. ಕೆಲಸ ಮುಗಿದ ದಿನವೇ, ಬಡಗಿಯ ಎದುರಿನಲ್ಲಿ ನಾಲ್ಕು ರಾಶಿ ಮಾಡಿ.
3. ಇಡತಕ್ಕದ್ದನ್ನು ಗಾತ್ರ ನೋಡದೆ ಎಳೆ ನೋಡಿ ಆರಿಸಿ. ನೆಲಕ್ಕೆ ತಾಕದಂತೆ ಇಡಿ.
4. ಎರಡು ವರ್ಷ ಬೇಡವಾದದ್ದನ್ನು ಉರುವಲಿಗೆ ಹಾಕಿ.
5. ಉರುವಲನ್ನು ಸೀಳಿ, ಒಣಗಿಸಿ ಉರಿಸಿ. ಅಷ್ಟು ಸಗಣಿಯನ್ನು ಗುಂಡಿಗೆ ಸೇರಿಸಿ.
6. ಹಸಿ ಹೊಟ್ಟನ್ನು ಹೊಲಕ್ಕೆ ಹಾಕಬೇಡಿ. ಗಂಜಲ ಕುಡಿಸಿ, ಮಾಗಿಸಿ ಹಾಕಿ.
7. ಬಣ್ಣದ ಮತ್ತು ಔಷಧದ ಮರವನ್ನು ಒಲೆಗೆ ಹಾಕಬೇಡಿ.

ತುಂಡನ್ನು ಉರಿಸಿದ ಮನೆಯಲ್ಲಿ ಬೆರಣಿಯೂ ಉರಿಯುತ್ತಿದ್ದರೆ ಮೇಲೆ ಹೇಳಿದ ಲಾಭದಲ್ಲಿ ಅರ್ಧವೂ ಕೈಗೆ ಬರುವುದಿಲ್ಲ. ಮರದ ತುಂಡು ಒಲೆಗೆ ಹೋದ ದಿನ ಸಗಣಿಯ ಪುಟ್ಟಿಯು ಗುಂಡಿಗೆ ಹೋಯಿತೇ ಎಂಬುದೊಂದನ್ನು ಮನೆಯ ಯಜಮಾನರು ವಿಚಾರಿಸಿಕೊಂಡರೆ ಸಾಕು.